ಕಬ್ಬಿನ ಹಂಗಾಮಿನಲ್ಲಿ ವಿನಯದ ಪಾಠ

ಕಳೆದ ತಿಂಗಳು ಮಿರಜಿನಿಂದ ಅಥಣಿಗೆ ಹೊರಟ ಬಸ್ಸಿನಲ್ಲಿ ಕೂತಿದ್ದೆ. ಕಾಗವಾಡ ದಾಟಿ ಸ್ವಲ್ಪ ದೂರ ಬಂದದ್ದೇ ಆ ವಾಸನೆ ಬಸ್ಸಿನೊಳಕ್ಕೆ ನುಗ್ಗಿತು. ಸಕ್ಕರೆ ಕಾರ್ಖಾನೆಯ ಹಂಗಾಮು ಶುರುವಾಯಿತೆಂದು ಈ ಭಾಗದಲ್ಲಿ ಯಾರೂ ಪೇಪರ್ ಓದಿ ತಿಳಿಯುವುದಿಲ್ಲ, ಮೂಗೇ ಹೇಳುತ್ತದೆ. ಕುದಿಯುವ ಕಬ್ಬಿನ ರಸ, ಹುಳಿತ ಕಾಕಂಬಿ, ಹೊಗೆ, ರಸ್ತೆಯ ಬದಿಗೆ ಸಾಲುಗಟ್ಟಿ ನಿಂತ ಎತ್ತುಗಳ ಸಗಣಿ, ಎಲ್ಲ ಸೇರಿದ ವಾಸನೆ ಅದು.

"ಕಿಡಕಿ ಹಾಕ್ರಿ ಅಕ್ಕಾರ, ತಲಿ ಹಿಡೀತೈತಿ," ಎಂದರು ಪಕ್ಕದ ಸೀಟಿನ ಹೆಂಗಸು.

"ಮುಂಜಾನೆ ಚಹಾಕ್ಕ ಸಕ್ಕರಿ ಹಾಕ್ಕೊಂಡಿರಬೇಕಲ್ರಿ ನೀವೂ?" ಎಂದೆ. ವಾದಕ್ಕೆ ಎಳೆಯುವುದು ನನ್ನ ಹಳೇ ಚಾಳಿ.

"ಹಾಕ್ಕೊಂಡೇನಿ. ಆದ್ರ ನಮ್ಮ ಚಹಾ ಹಿಂಗ ನಾರಂಗಿಲ್ರೀ," ಎಂದವರೇ ನನ್ನ ಮುಂದೆ ಕೈಚಾಚಿ ತಾವೇ ಕಿಟಕಿ ಎಳೆದರು.

ಸೋತೆ. ಆದರೆ ವಾಸನೆ ಅಷ್ಟರಲ್ಲಿ ಒಳಗೆ ಬಂದಿತ್ತು, ಅದರ ಜೊತೆಗೆ ನಾನು ಪಾಠ ಹೇಳಲು ಶುರು ಮಾಡಿದ ಮೊದಲ ವರ್ಷವೂ.

ಆಗ ನಾನು ಚಿಕ್ಕೋಡಿಯ ಒಂದು ನರ್ಸಿಂಗ್ ಕಾಲೇಜಿಗೆ ಹೊಸದಾಗಿ ಸೇರಿದ್ದೆ. ಊರು ನಿಪ್ಪಾಣಿ. ಓದಿದ್ದು ನರ್ಸಿಂಗ್, ಹೆಸರು ಮಾಡಿದ್ದು ಚರ್ಚಾಸ್ಪರ್ಧೆಗಳಲ್ಲಿ. ವಿಷಯ ಯಾವುದೇ ಇರಲಿ, ಪರವಾಗಿಯೋ ವಿರೋಧವಾಗಿಯೋ ಎಂದು ಚೀಟಿ ಎತ್ತಿ ತಿಳಿದ ಮೇಲೆ, ಎದುರಿನವರ ವಾದದಲ್ಲಿ ತೂತು ಹುಡುಕುವುದಷ್ಟೇ ನನಗೆ ಗೊತ್ತಿದ್ದ ಕಸುಬು. ಪ್ರಿನ್ಸಿಪಾಲ್ ಮೇಡಂ ಅದನ್ನು ತಿಳಿದೇ ನನ್ನನ್ನು ಕರೆಸಿದರು.

"ಎಂಎಸ್ಸಿಯವರಿಗೆ ಹೊಸಾ ವಿಷಯ ಒಂದು ಬಂದೈತಿ. ಹಿರಿಯರು ಯಾರೂ ಮುಟ್ಟಾಕ ತಯಾರಿಲ್ಲ. ನೀ ಮಾತಿನಾಕಿ, ನೀನ ತಗೋ."

ವಿಷಯದ ಹೆಸರು: ಜಾಗತಿಕ ನಾಯಕತ್ವ ಮತ್ತು ಸಾಂಸ್ಕೃತಿಕ ವಿನಯ. ಕೋಣೆಯಿಂದ ಹೊರಗೆ ಬರುವಷ್ಟರಲ್ಲಿ ನಾನು ಆ ಹೆಸರಿನ ವಿರುದ್ಧವೇ ವಾದ ಕಟ್ಟಿ ಮುಗಿಸಿದ್ದೆ. ಜಗತ್ತಿನ ನಾಯಕತ್ವವಂತೆ, ನಮ್ಮ ಹುಡುಗಿಯರಿಗೆ ವಾರ್ಡಿನಲ್ಲಿ ಒಂದು ಫ್ಯಾನು ಎಲ್ಲಿ ಹಾಕಬೇಕೆಂದು ಹೇಳುವ ಹಕ್ಕಿಲ್ಲ. ಇನ್ನು ವಿನಯ. ಅದನ್ನು ಕಲಿಸಬೇಕಾದದ್ದು ನರ್ಸುಗಳಿಗೋ, ನರ್ಸುಗಳ ಮೇಲೆ ಕೂಗಾಡುವವರಿಗೋ?

ಪುಸ್ತಕದ ತಿರುಳನ್ನು ನ್ಯಾಯವಾಗಿ ಹೇಳಬೇಕೆಂದರೆ ಇಷ್ಟು. ಬೇರೆ ಜನರ ರೀತಿ ರಿವಾಜು ನನಗೆ ಗೊತ್ತು ಎಂದುಕೊಂಡು ಆರೈಕೆಗೆ ಇಳಿಯಬೇಡ. ಗೊತ್ತಿಲ್ಲ ಎಂದೇ ಶುರು ಮಾಡು. ಕೇಳು. ಅವರ ಮುಂದೆ ನಿನಗೆಷ್ಟು ಅಧಿಕಾರವಿದೆ ಎಂಬುದನ್ನು ಮರೆಯಬೇಡ.

ಮೊದಲ ತರಗತಿಯಲ್ಲಿ ಇದನ್ನೇ ಹೇಳಿ, ವಿರೋಧಿಸಿ ನೋಡೋಣ ಎಂದೆ. ಹಿಂದಿನ ಬೆಂಚಿನಿಂದ ರೇಣುಕಾ ಎದ್ದಳು. ರಾಯಬಾಗದ ಕಡೆಯವಳು. ಮನೆಯಲ್ಲಿ ಕುರಿ, ಸ್ವಲ್ಪ ಹೊಲ. ಕೆಲವು ವರ್ಷ ಆಸ್ಪತ್ರೆಯಲ್ಲಿ ದುಡಿದು ಆಮೇಲೆ ಓದಲು ಬಂದವಳು.

"ಡಾಕ್ಟರ್ ಬಂದ್ರ ಖುರ್ಚಿ ಬಿಟ್ಟ ಏಳೂದು, ಪೇಶಂಟಿನ ಮಂದಿ ಬೈದ್ರ ತಲಿ ತಗ್ಗಸೂದು, ಮನಿಗೆ ಹೋದ್ರ ಅತ್ತಿ ಮುಂದ ಸೆರಗ ಹೊದಿಯೂದು. ಇನ್ನ ಎಷ್ಟ ವಿನಯ ಬೇಕ್ರಿ ಮೇಡಂ? ಕುತಿಗಿ ಮುರದ ಹೋಗತೈತಿ."

ತರಗತಿ ಬೆಂಚು ಬಡಿದು ನಕ್ಕಿತು. ನಾನೂ ನಕ್ಕೆ. ನನ್ನದೇ ವಾದವನ್ನು ನನಗಿಂತ ಚೆನ್ನಾಗಿ ಹೇಳಿದ್ದಳು.

ಮುಂದಿನ ಬೆಂಚಿನ ಅಶ್ವಿನಿ ಮಾತ್ರ ನಗಲಿಲ್ಲ. ಕಾಗವಾಡದ ಹತ್ತಿರ ಅವಳ ತಂದೆ ಅಣ್ಣಾಸಾಹೇಬರಿಗೆ ಕಬ್ಬು, ದ್ರಾಕ್ಷಿ ಎರಡೂ ಇದ್ದವು. ಮಾತು ಕಡಿಮೆ, ಆದರೆ ಆಡಿದರೆ ಅಳೆದು ತೂಗಿ ಆಡುವವಳು.

"ತಗ್ಗೂದು ಬ್ಯಾರೆ, ವಿನಯ ಬ್ಯಾರೆ ಅಲ್ಲೇನ್ರಿ? ತಗ್ಗೂದು ಮ್ಯಾಲಿನವರ ಮುಂದ. ವಿನಯ ತೋರಸಬೇಕಾದ್ದು ನಮ್ಮ ಕೆಳಗಿನವರ ಮುಂದ."

"ಹೌದೇನವಾ? ಹಂಗಾದ್ರ ನಿನ್ನ ಕೆಳಗ ಯಾರದಾರ ಹೇಳು, ನೋಡೂಣು," ಎಂದಳು ರೇಣುಕಾ.

ಅಶ್ವಿನಿ ನಿಜವಾಗಿಯೂ ಯೋಚಿಸಿದಳು. "ಯಾರೂ ಇಲ್ಲವಾ. ನಾನೂ ನಿನ್ನಂಗ ಸ್ಟೂಡೆಂಟ್ ಅದೇನಿ."

ಆ ವರ್ಷ ನಮ್ಮ ಕಾಲೇಜಿಗೂ ಕೀನ್ಯಾ ದೇಶದ ಒಂದು ನರ್ಸಿಂಗ್ ಕಾಲೇಜಿಗೂ ಆನ್‌ಲೈನಿನಲ್ಲಿ ಜೋಡಿ ತರಗತಿ ಏರ್ಪಾಡಾಗಿತ್ತು. ಅಲ್ಲಿನವರು ಚಹಾ ತೋಟದ ಕೂಲಿಕಾರರ ನಡುವೆ, ನಮ್ಮವರು ತಮ್ಮ ತಮ್ಮ ಊರುಗಳಲ್ಲಿ ಒಂದೊಂದು ಕೆಲಸ ಮಾಡಿ ತೋರಿಸಬೇಕು. ಕೊನೆಗೆ ಎರಡೂ ಕಡೆಯವರ ಪೈಕಿ ಒಬ್ಬ ವಿದ್ಯಾರ್ಥಿನಿ ಜಂಟಿ ತಂಡದ ಮುಖ್ಯಸ್ಥೆಯಾಗುತ್ತಾಳೆ. ಅಶ್ವಿನಿಗೆ ಆ ಸ್ಥಾನ ಬೇಕಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಅವಳು ಆರಿಸಿಕೊಂಡದ್ದು ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಡೆಯಿಂದ ಪ್ರತಿವರ್ಷ ಬರುವ ಕಬ್ಬು ಕಡಿಯುವವರನ್ನು. ಎತ್ತಿನ ಗಾಡಿ ಕಟ್ಟಿಕೊಂಡು ಬರುವ ಆ ಟೋಳಿ, ಅಣ್ಣಾಸಾಹೇಬರ ಹೊಲದ ಅಂಚಿನಲ್ಲೇ ಬಾವಿಯ ಪಕ್ಕ ಗುಡಿಸಲು ಹಾಕಿಕೊಂಡಿತ್ತು. ಅವರೊಳಗಿನ ಬಸುರಿಯರನ್ನು ಪರೀಕ್ಷಿಸಿ, ಹೆರಿಗೆಯವರೆಗೆ ನೋಡಿಕೊಳ್ಳುವುದು ಅವಳ ಯೋಜನೆ. ರೇಣುಕಾ ಜೊತೆಗಾರ್ತಿ, ನಾನು ಮಾರ್ಗದರ್ಶಿ.

"ಅವರ ರೀತಿ ನೀತಿ ಗೊತ್ತೈತೇನು?" ಎಂದು ಕೇಳಿದ್ದೆ.

"ಸಣ್ಣಾಕಿದ್ದಾಗಿಂದ ನೋಡಾಕತ್ತೀನ್ರಿ. ಮರಾಠಿ ನಮ್ಮ ಮನಿ ಮಾತ ಇದ್ದಂಗ. ಅಲ್ಲೇನು ಹೊಸಾದಿಲ್ಲ."

ಗಡಿಯಲ್ಲಿ ಬೆಳೆದ ನಮ್ಮಂಥವರೇ ಮಾಡುವ ಎಣಿಕೆ ಇದು. ಎರಡು ಭಾಷೆ ಸಲೀಸಾಗಿ ಬರುತ್ತವೆ, ಆದ್ದರಿಂದ ಎರಡೂ ಕಡೆಯ ಜನ ನಮಗೆ ಗೊತ್ತು. ನಾನೂ ತಲೆಯಾಡಿಸಿದೆ.

ಮೊದಲ ಶಿಬಿರ ನೋಡಬೇಕಿತ್ತು ನೀವು. ಬೆಳಗಿನ ಬಿಸಿಲು, ಬಾವಿಯ ಕಟ್ಟೆ, ಅದರ ಮುಂದೆ ತಲೆಬಾಚಿ ಕುಂಕುಮವಿಟ್ಟು ಸಾಲಾಗಿ ಕುಳಿತ ಹೆಂಗಸರು. ಟೋಳಿಯ ಒಬ್ಬ ಹೆಣ್ಣುಮಗಳೂ ತಪ್ಪಿಸಿಕೊಂಡಿರಲಿಲ್ಲ. ಟೋಳಿಯನ್ನು ನಡೆಸುವ ಮುಕಾದಮ್ ಟವೆಲ್ಲು ಹೆಗಲಿಗೆ ಹಾಕಿಕೊಂಡು ಅತ್ತಿತ್ತ ಓಡಾಡುತ್ತಿದ್ದ. ಅಶ್ವಿನಿ ಏನು ಹೇಳಿದರೂ "ಹೋ ತಾಈ", ಹೌದಕ್ಕ, ಎಂದೇ ಉತ್ತರ. ಗುಳಿಗೆ ನುಂಗುತ್ತೀರಾ? ಹೋ ತಾಈ. ಭಾರ ಎತ್ತಬಾರದು. ಹೋ ತಾಈ. ದವಾಖಾನೆಯಲ್ಲೇ ಹೆರಿಗೆ ಆಗಬೇಕು. ಹೋ ತಾಈ.

ಅವರಲ್ಲಿ ಒಬ್ಬಳು ಕಮಲ. ಏಳು ತಿಂಗಳು ತುಂಬಿತ್ತು. ಪಾದಗಳು ಊದಿದ್ದವು, ರಕ್ತದೊತ್ತಡ ಗೆರೆಯ ಮೇಲೆ ನಿಂತಿತ್ತು. ಇನ್ನೊಂದಿಷ್ಟು ಏರಿದರೆ ತಾಯಿಗೂ ಕೂಸಿಗೂ ಅಪಾಯ.

"ತಲಿ ನೂಸತೈತೇನು? ಕಣ್ಣ ಮಂಜಾಗತಾವೇನು?" ಅಶ್ವಿನಿ ಮರಾಠಿಯಲ್ಲೇ ಕೇಳಿದಳು. ಅವರ ಮಾತನ್ನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ.

"ಏನೂ ಇಲ್ಲ ತಾಈ."

"ಪ್ರತಿ ವಾರ ಬಂದು ತೋರಸಬೇಕು."

"ಹೋ ತಾಈ."

ಪ್ರಿನ್ಸಿಪಾಲ್ ಮೇಡಂ ಫೋಟೋ ನೋಡಿ ಹಿಗ್ಗಿದರು. ಕೀನ್ಯಾದವರಿಗೆ ಕಳಿಸಲು ಸಾಲಿನ ಪೂರ್ತಿ ಚಿತ್ರವನ್ನೇ ಆರಿಸಿದರು. ನನಗೆ ಮಾತ್ರ ಒಂದು ಮುಳ್ಳು ಚುಚ್ಚುತ್ತಿತ್ತು. ಚರ್ಚೆಯಲ್ಲಿ ಎದುರಾಳಿ ನಿಮ್ಮ ಪ್ರತಿ ಮಾತಿಗೂ ಹೌದು ಎನ್ನುತ್ತಿದ್ದಾನೆಂದರೆ ಅವನು ನಿಮ್ಮ ಮಾತು ಕೇಳುತ್ತಿಲ್ಲ, ಗಂಟೆ ಹೊಡೆಯುವುದನ್ನು ಕಾಯುತ್ತಿದ್ದಾನೆ ಎಂದೇ ಅರ್ಥ. ಏಳು ತಿಂಗಳ ಬಸುರಿ, ಕಬ್ಬಿನ ಹೊರೆ ತಲೆಯ ಮೇಲೆ ಹೊತ್ತು ಗಾಡಿಗೆ ಒಟ್ಟುವವಳು, ಏನೂ ಇಲ್ಲ ಎನ್ನುತ್ತಾಳೆಂದರೆ ನಂಬಬೇಕೆ?

ಮುಂದಿನ ವಾರ ಕಮಲ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ನಾವೇ ಹುಡುಕಿಕೊಂಡು ಕಬ್ಬು ಕಡಿಯುವ ಹೊಲಕ್ಕೆ ಹೋದೆವು. ಗರಿಯ ದೂಳು ಕುತ್ತಿಗೆಗೆಲ್ಲ ಮೆತ್ತಿ ಚುಚ್ಚುವ ಹೊತ್ತು. ಗಂಡ ಬುಡ ಕಡಿಯುತ್ತ ಮುಂದೆ ಹೋಗುತ್ತಿದ್ದ, ಕಮಲ ಹಿಂದೆ ಬಗ್ಗಿ ಗರಿ ಸವರಿ ಹೊರೆ ಕಟ್ಟುತ್ತಿದ್ದಳು. ಅಶ್ವಿನಿಯನ್ನು ಕಂಡದ್ದೇ ನೆಟ್ಟಗೆ ನಿಂತು ಸೆರಗು ಎಳೆದುಕೊಂಡಳು.

"ಯಾಕ ಬರಲಿಲ್ಲ?"

"ಬರತೇನಿ ತಾಈ."

ಅಷ್ಟೇ. ಅಶ್ವಿನಿ ನೀರು ಕುಡಿಯಲೆಂದು ಬದುವಿನ ಕಡೆ ಹೋದಳು. ರೇಣುಕಾ ಹೋಗಲಿಲ್ಲ. ಹೊರೆಯೊಂದರ ಮೇಲೆ ಕೂತು, "ಈ ಗರಿ ನಮ್ಮ ಕುರಿಗೆ ಕೊಟ್ರ ಬ್ಯಾನಿ ಬರತೈತಿ, ನಿಮ್ಮ ಎತ್ತಿಗೆ ಹೆಂಗ ದಕ್ಕತೈತವಾ?" ಎಂದು ಶುರು ಹಚ್ಚಿದಳು. ಎತ್ತಿನಿಂದ ಹಾಲಿಗೆ, ಹಾಲಿನಿಂದ ಕೂಸಿಗೆ, ಕೂಸಿನಿಂದ ಶಿಬಿರಕ್ಕೆ ಮಾತು ಬಂತು. ಕಮಲ ಕೈ ನಿಲ್ಲಿಸದೆ ಉತ್ತರ ಕೊಟ್ಟಳು. ನಾನು ಕಿವಿಯಾಗಿ ನಿಂತಿದ್ದೆ.

ಮರಳಿ ಬರುವಾಗ ರೇಣುಕಾ ಸುತ್ತುಬಳಸಲಿಲ್ಲ. "ಅಶ್ವಿನಿ, ಅವತ್ತ ನಿನ್ನ ಕ್ಯಾಂಪಿಗೆ ಯಾರೂ ತಾವಾಗಿ ಬಂದಿದ್ದಿಲ್ಲ."

"ಅಂದ್ರ?"

"ಮುಕಾದಮ್ ಕರಕೊಂಡ ಬಂದಿದ್ದ. ಬರದಾಕಿಗೆ ಮರುದಿನ ಗಾಳಿಗೆ ಬಿದ್ದ ಕಬ್ಬಿನ ಸಾಲು ಅಂತ ಹೇಳಿದ್ನಂತ."

ಬಿದ್ದ ಕಬ್ಬು ಎಂದರೆ ಹೆಣೆದುಕೊಂಡು ನೆಲಕಚ್ಚಿದ ಕಬ್ಬು. ಕಡಿಯಲು ಎರಡು ಪಟ್ಟು ದುಡಿಮೆ. ರೇಣುಕಾ ಇನ್ನೊಂದನ್ನೂ ಹೇಳಿದಳು. ಟೋಳಿಯಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಕೂಲಿಗೆ ಒಂದೇ ಲೆಕ್ಕ. ಆ ಲೆಕ್ಕಕ್ಕೆ 'ಕೊಯ್ತಾ', ಅಂದರೆ ಕಬ್ಬು ಕಡಿಯುವ ಕತ್ತಿ, ಎಂದೇ ಹೆಸರು. ಹೆಂಡತಿ ಶಿಬಿರದಲ್ಲಿ ಕೂತರೆ ಕತ್ತಿ ಅರ್ಧವಾಯಿತು, ಕೂಲಿಯೂ ಕಡಿತವಾಯಿತು. ಅವತ್ತು ನಮ್ಮೆದುರು ತಲೆಬಾಚಿ ಕುಳಿತವರೆಲ್ಲ ಆಮೇಲೆ ಹೊಲಕ್ಕೆ ಹೋಗಿ, ಗಾಡಿ ತುಂಬುವವರೆಗೆ ಊಟಕ್ಕೂ ಏಳದೆ ದುಡಿದಿದ್ದರು.

ಅಶ್ವಿನಿಯ ಮುಖ ಕೆಂಪಾಯಿತು. "ನಾ ಮುಕಾದಮ್‌ಗೆ ಒಂದ ಮಾತೂ ಹೇಳಿಲ್ಲ!"

"ನೀ ಹೇಳಿಲ್ಲ. ನಿಮ್ಮಪ್ಪಾರು ಹೇಳ್ಯಾರ."

"ನಿನಗ ಮೊದಲಿಂದನೂ ನಾ ಶಾಹುಕಾರ್ರ ಮಗಳು ಅಂತ ಹೊಟ್ಟಿಯೊಳಗ ಐತಿ."

"ಐತಿ. ಆದ್ರ ಅದಕ್ಕ ಇದು ಸುಳ್ಳಾಗಂಗಿಲ್ಲಲಾ?"

ಬಲವಾದ ಉತ್ತರ. ನಾನು ರೇಣುಕಾಳ ಕಡೆ ಮೆಚ್ಚುಗೆಯಿಂದ ನೋಡಿದ್ದನ್ನು ಅಶ್ವಿನಿ ಗಮನಿಸಿದಳು. "ಇದು ಡಿಬೇಟ್ ಅಲ್ರಿ ಮೇಡಂ. ಮಾರ್ಕ್ಸ್ ಹಾಕಬ್ಯಾಡ್ರಿ," ಎಂದಳು.

ಅವಳ ಮನೆಗೆ ಹೋದೆವು. ಅಣ್ಣಾಸಾಹೇಬರು ದ್ರಾಕ್ಷಿ ತೋಟದಿಂದ ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದರು. ನಮಗೆ ಚಹಾ ತರಿಸಿ, ಮಗಳ ಕೆಲಸ ಪರದೇಶದವರು ನೋಡುತ್ತಾರಂತೆ ಹೌದೇನ್ರಿ ಎಂದು ನನ್ನನ್ನು ಎರಡು ಸಲ ಕೇಳಿದರು. ಆ ಹೆಮ್ಮೆಯ ಮುಖದ ಮುಂದೆ ಅಶ್ವಿನಿ ನಿಂತೇ ಇದ್ದಳು.

"ಅಪ್ಪಾ, ಹೆಣ್ಣಮಕ್ಕಳನ್ನ ಕ್ಯಾಂಪಿಗೆ ಕಳಸಂತ ಮುಕಾದಮ್‌ಗೆ ನೀವ ಹೇಳಿದ್ರೇನು?"

"ಹೇಳ್ದೆ. ನನ್ನ ಮಗಳ ಕ್ಯಾಂಪು, ಖಾಲಿ ಖುರ್ಚಿ ಇಟಗೊಂಡ ಕೂಡಬೇಕೇನು? ಒಬ್ಬಾಕಿನೂ ತಪ್ಪಬಾರದು ಅಂತ ಹೇಳ್ದೆ. ಒಬ್ಬಾಕಿನೂ ತಪ್ಪಲಿಲ್ಲ ನೋಡು!"

"ಅವರು ಅಂಜಿ ಬಂದಾರ ಅಪ್ಪಾ. ನನ್ನ ಮುಂದ ಖರೇ ಮಾತು ಯಾರೂ ಆಡಾಕತ್ತಿಲ್ಲ."

"ಆತ ಬಿಡು. ನಾಳೆ ಮುಕಾದಮ್‌ಗೆ ಹೇಳತೇನಿ, ಬರೂದು ಬಿಡೂದು ಅವರ ಖುಷಿ ಅಂತ." ಒಂದು ಗುಟುಕು ಚಹಾ ಕುಡಿದು ಅವರೇ ಜೋರಾಗಿ ನಕ್ಕರು. "ಅಲಲಾ! ನಿಮ್ಮ ಖುಷಿ ಅಂತನೂ ನಾನ ಆರ್ಡರ್ ಮಾಡಬೇಕಾತಲ್ಲೋ!"

ಆ ಮನುಷ್ಯ ಯಾವ ಕಾಲೇಜಿನಲ್ಲಿ ಚರ್ಚೆ ಮಾಡಿದ್ದರೂ ನನಗೆ ಷೀಲ್ಡು ಸಿಗುತ್ತಿರಲಿಲ್ಲ. ಒಂದೇ ನಗೆಯಲ್ಲಿ ಇಡೀ ಗಂಟನ್ನು ಎತ್ತಿ ಮೇಜಿನ ಮೇಲೆ ಇಟ್ಟಿದ್ದರು. ನೀರು ಅವರದು, ಗುಡಿಸಲು ಹಾಕಿದ ಜಾಗ ಅವರದು, ಕಡಿಯುವ ಕಬ್ಬು ಅವರದು. ಅವರು ಬೇಡ ಎಂದರೂ ಅದು ಹುಕುಮೇ.

"ನೀವು ಏನೂ ಹೇಳಬ್ಯಾಡ್ರಿ," ಎಂದಳು ಅಶ್ವಿನಿ. "ಸುಮ್ಮನಿರ್ರಿ."

"ಸುಮ್ಮನಿರೂದು ನಮ್ಮ ಮನಿತನದಾಗ ಯಾರಿಗಿ ಬಂದೈತಿ?" ಎಂದರು. ಆದರೆ ಸುಮ್ಮನಿದ್ದರು. ಅದಕ್ಕಾಗಿ ಅವರನ್ನು ಮೆಚ್ಚಬೇಕು.

ತಂದೆಯ ಜಾಗ ಬಿಟ್ಟರೆ ಎಲ್ಲಿ? ಉತ್ತರ ಹುಡುಕಿದವಳೂ ಅಶ್ವಿನಿಯೇ. ಮೂರ್ನಾಲ್ಕು ದಿನ ಸ್ಕೂಟಿ ಹಾಕಿಕೊಂಡು ಗಾಡಿಗಳ ಹಿಂದೆ ತಿರುಗಿದಳು. ಕಬ್ಬು ತುಂಬಿದ ಗಾಡಿ ಕಾರ್ಖಾನೆಯ ಬಾಗಿಲಿಗೆ ಬಂದು, ತೂಕದ ಸರತಿಗಾಗಿ ಸಾಲಿನಲ್ಲಿ ನಿಲ್ಲುತ್ತದೆ. ಆ ಸಾಲು ತಾಸುಗಟ್ಟಲೆ ಕದಲುವುದಿಲ್ಲ. ಗಂಡಸರು ಎತ್ತು ಬಿಚ್ಚಿ ಬೀಡಿ ಹಚ್ಚುತ್ತಾರೆ. ಹೆಂಗಸರು ಗಾಡಿಯ ನೆರಳಿಗೆ ಕಾಲು ಚಾಚುತ್ತಾರೆ. ಇಡೀ ದಿನದಲ್ಲಿ ಯಾರ ಕೊಯ್ತಾವೂ ಮುರಿಯದ ಹೊತ್ತು ಅದೊಂದೇ.

ಹಾಗೆ ನಮ್ಮ ಶಿಬಿರ ರಸ್ತೆಗೆ ಬಂತು. ಒಂದು ಬೇವಿನ ಮರ, ಒಂದು ಚಾಪೆ, ರಕ್ತದೊತ್ತಡ ನೋಡುವ ಯಂತ್ರ. ಕರೆಯುವುದಿಲ್ಲ, ಕೂಗುವುದಿಲ್ಲ. ಬಂದವರಿಗೆ ಮಾಡುವುದು, ಬರದವರನ್ನು ಬಿಡುವುದು. ಇದು ಅಶ್ವಿನಿಯ ನಿಯಮ.

ಮೊದಲ ಸಂಜೆ ಯಾರೂ ಬರಲಿಲ್ಲ. ಎರಡನೆಯ ಸಂಜೆ ಒಬ್ಬ ಮುದುಕ ಬಂದ, ತನಗಲ್ಲ, ಎತ್ತಿಗೆ. "ತಾಈ, ಇದಕ್ಕೂ ಬಿಪಿ ನೋಡತೀರೇನು? ಇಳಿಜಾರ ಬಂದ್ರ ಗಾಬರಿ ಆಗತೈತಿ."

"ಗಾಬರಿ ಎತ್ತಿಗಲ್ಲ ಕಾಕಾ, ನಿಮಗ," ಎಂದಳು ರೇಣುಕಾ. ಆದರೂ ಎದ್ದು ಹೋಗಿ ಎತ್ತಿನ ಹೆಗಲಿನ ಹುಣ್ಣು ತೊಳೆದು ಔಷಧಿ ಹಚ್ಚಿಕೊಟ್ಟಳು. ಸಾಲಿನುದ್ದಕ್ಕೂ ನಗೆ ಹಬ್ಬಿತು. ಆಮೇಲೆ ಕಾಲಿಗೆ ಕಬ್ಬಿನ ಕೂಳೆ ಚುಚ್ಚಿಸಿಕೊಂಡ ಗಂಡಸರು ಬಂದರು. ಅವರ ಹಿಂದೆ ಕೂಸು ಎತ್ತಿಕೊಂಡ ಹೆಂಗಸರು. ಯಾರೂ ಸಾಲಿನಲ್ಲಿ ಕೂರಲಿಲ್ಲ, ಯಾರೂ ತಲೆ ಬಾಚಿಕೊಂಡು ಬರಲಿಲ್ಲ. ಒಬ್ಬಳು ಗುಳಿಗೆ ತಿಂದರೆ ವಾಕರಿಕೆ ಬರುತ್ತದೆ, ನಾ ತಿನ್ನೂದಿಲ್ಲ ಎಂದಳು. ಇನ್ನೊಬ್ಬಳು, ಬಾವಿಯ ಹತ್ತಿರ ಕೊಟ್ಟ ಗುಳಿಗೆಗಳನ್ನೆಲ್ಲ ಅವತ್ತೇ ಮಣ್ಣಲ್ಲಿ ಮುಚ್ಚಿದ್ದೇವೆ ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು.

ಕಮಲ ಮಾತ್ರ ಬರಲಿಲ್ಲ. ಗಾಡಿಯ ನೆರಳಿನಿಂದಲೇ ನಮ್ಮನ್ನು ನೋಡುತ್ತಿದ್ದಳು. ಅವಳ ಪಾದಗಳ ಬಾವು ಮರದ ಕೆಳಗಿನಿಂದಲೇ ಕಾಣುತ್ತಿತ್ತು. ಅಶ್ವಿನಿಗೆ ದಿನದಿನಕ್ಕೂ ಆತಂಕ ಹೆಚ್ಚಿತು. ಕೊನೆಗೊಂದು ಸಂಜೆ ತನ್ನದೇ ನಿಯಮ ಮುರಿದು ಗಾಡಿಯ ಹತ್ತಿರ ಹೋದಳು. ಎರಡು ನಿಮಿಷಕ್ಕೆ ಓಡುತ್ತ ಬಂದಳು, ಕಣ್ಣು ಹೊಳೆಯುತ್ತಿದ್ದವು.

"ಮೇಡಂ, ಕಮಲ ನನಗ ಬೈದ್ಲು!"

"ಏನಂತ?"

"ಇವತ್ತ ಆಗಂಗಿಲ್ಲ, ನೀ ಬಂದು ನಿಂತಾಗೆಲ್ಲಾ ನಾ ಏಳಾಕ ನಾನೇನು ನಿಮ್ಮನಿ ಆಳೇನು ಅಂದ್ಲು. ಅತ್ತಿ ಮುಂದ, ಗಂಡನ ಮುಂದ, ಎಲ್ಲಾರ ಮುಂದ!"

ರೇಣುಕಾ ಚಾಪೆಯ ಮೇಲೆ ಉರುಳಿ ನಕ್ಕಳು. "ಬೈಸಿಕೊಂಡ ಬಂದು ಹೋಳಿಗಿ ಉಂಡಾಕಿ ಹಂಗ ಮಾಡತಿ ನೋಡು."

ಆದರೆ ಮೂವರಿಗೂ ಗೊತ್ತಿತ್ತು. ಆ ಹೆಣ್ಣುಮಗಳ ಬಾಯಿಂದ ಅಶ್ವಿನಿಗೆ ಸಿಕ್ಕ ಮೊದಲ ನಿಜವಾದ ಮಾತು ಅದು.

ಕೀನ್ಯಾದವರ ಮುಂದೆ ಕೆಲಸ ತೋರಿಸುವ ದಿನ ಅದೇ ವಾರ ಬಂತು. ಪರದೆಯ ಮೇಲೆ ಮೊದಲು ಮೂಡಿದ್ದು ಪ್ರಿನ್ಸಿಪಾಲರು ಆರಿಸಿದ್ದ ಸಾಲಿನ ಚಿತ್ರವೇ. "ಇದು ನನ್ನ ಸೋಲು," ಎಂದು ಅಶ್ವಿನಿ ಇಂಗ್ಲಿಷಿನಲ್ಲಿ ಶುರು ಮಾಡಿದಳು. ಇವರೆಲ್ಲ ನನ್ನ ತಂದೆಯ ಮಾತಿಗೆ ಬಂದವರು, ಇವರು ಹೇಳಿದ ಒಂದು ಉತ್ತರವೂ ನಂಬತಕ್ಕದ್ದಲ್ಲ ಎಂದಳು. ನನ್ನ ಪಕ್ಕದಲ್ಲಿದ್ದ ಪ್ರಿನ್ಸಿಪಾಲರು ನನ್ನ ಮೊಣಕೈ ಹಿಂಡಿದರು. "ಏನ ಕಲಿಸಿದಿಯವಾ ಇಕಿಗಿ?"

ಅಲ್ಲಿನ ಪ್ರಾಧ್ಯಾಪಕಿ ಕೇಳಿದರು, ಹಾಗಾದರೆ ನೀನು ಸಾಧಿಸಿದ್ದೇನು?

"ಒಬ್ಬ ಹೆಂಗಸು ನನ್ನ ಮುಖಕ್ಕೇ ಆಗುವುದಿಲ್ಲ ಎಂದಿದ್ದಾಳೆ. ಈಗ ಅವಳು ಎಂದಾದರೂ ಹೌದು ಎಂದರೆ ಅದಕ್ಕೆ ಅರ್ಥವಿದೆ."

ಆಚೆ ಕಡೆ ಗುಸುಗುಸು ಎದ್ದಿತು. ಒಬ್ಬ ಹುಡುಗಿ ಮೈಕ್ ಹಾಕಿ, ನಮ್ಮ ತೋಟದಲ್ಲೂ ಮ್ಯಾನೇಜರು ಸೀಟಿ ಊದಿಯೇ ಜನರನ್ನು ಕಳಿಸಿದ್ದು, ನಾವು ಅದನ್ನು ಯಶಸ್ಸು ಎಂದು ಬರೆದಿದ್ದೇವೆ ಎಂದಳು. ಜಂಟಿ ತಂಡದ ಮುಖ್ಯಸ್ಥೆಯಾಗಿ ಆಯ್ಕೆಯಾದದ್ದು ಆ ಹುಡುಗಿ, ಅಶ್ವಿನಿಯಲ್ಲ. ನನಗೆ ಸಿಟ್ಟು ಬಂತು, ಇವತ್ತಿಗೂ ಆ ತೀರ್ಮಾನದ ವಿರುದ್ಧ ಎಷ್ಟು ಹೊತ್ತು ಬೇಕಾದರೂ ವಾದಿಸಬಲ್ಲೆ. ಆದರೆ ಆ ಹುಡುಗಿ ತಂಡಕ್ಕೆ ಹಾಕಿಕೊಟ್ಟ ಮೊದಲ ಪ್ರಶ್ನೆಯೇ 'ಇವರನ್ನು ಬರಹೇಳಿದವರು ಯಾರು?' ಎಂಬುದಾಗಿತ್ತು. ಕಾಗವಾಡದ ರಸ್ತೆಯ ಮೇಲೆ ಹುಟ್ಟಿದ ಪ್ರಶ್ನೆ ಅಲ್ಲಿನ ಚಹಾ ತೋಟದಲ್ಲಿ ಓಡಾಡತೊಡಗಿತು. ಜಾಗತಿಕ ನಾಯಕತ್ವ ಎಂಬ ಮಾತನ್ನು ನಾನು ಗೇಲಿಯಿಲ್ಲದೆ ಉಚ್ಚರಿಸಿದ್ದು ಅವತ್ತೇ ಮೊದಲು.

ಇನ್ನು ಕಮಲಳ ಮಾತು. ಓದುವವರನ್ನು ಆತಂಕದಲ್ಲಿ ತೂಗಿಬಿಡುವ ಕಲೆ ನನ್ನದಲ್ಲ, ಮೊದಲೇ ಹೇಳಿಬಿಡುತ್ತೇನೆ. ಅವಳಿಗೆ ದಿನ ತುಂಬುವ ಮೊದಲೇ ಹೆಣ್ಣು ಕೂಸು ಹುಟ್ಟಿತು, ದೊಡ್ಡಾಸ್ಪತ್ರೆಯಲ್ಲಿ. ತಾಯಿ ಮಗಳು ಇಬ್ಬರೂ ಸುಖವಾಗಿ ಊರಿಗೆ ಹೋದರು. ಡಾಕ್ಟರು ಬಿಡುವವರೆಗೆ ಕಮಲ ಆಸ್ಪತ್ರೆಯ ಮಂಚ ಬಿಟ್ಟು ಕದಲಲಿಲ್ಲ. ನಡುವೆಯೇ ಎದ್ದು ಹೊಲಕ್ಕೆ ಓಡಿಹೋಗುವವರನ್ನು ಬೇಕಾದಷ್ಟು ಕಂಡಿದ್ದ ಅಲ್ಲಿನ ಸಿಸ್ಟರ್‌ಗಳು ಇದನ್ನೇ ದೊಡ್ಡ ಸುದ್ದಿಯೆಂಬಂತೆ ಹೇಳುತ್ತಿದ್ದರು. ಅವಳು ಉಳಿಯುತ್ತಾಳೆ ಎಂಬುದು ಆಸ್ಪತ್ರೆಗೆ ಹೋದ ಸಂಜೆಯೇ ತೀರ್ಮಾನವಾಗಿತ್ತು.

ಆ ಸಂಜೆ ಅವಳೇ ಮರದ ಕೆಳಗೆ ಬಂದಳು. ತಲೆ ಒಡೆಯುವಂತೆ ನೋಯುತ್ತಿದೆ, ಕಣ್ಣ ಮುಂದೆ ಚಿಕ್ಕೆ ಹಾರುತ್ತಿವೆ ಎಂದಳು. ಅಶ್ವಿನಿ ಯಂತ್ರದ ಪಟ್ಟಿ ಸುತ್ತಿ ಎರಡು ಸಲ ನೋಡಿದಳು. ಇವತ್ತೇ, ಈಗಲೇ ಆಸ್ಪತ್ರೆ ಸೇರಬೇಕಾದಷ್ಟು ಏರಿತ್ತು. ರೇಣುಕಾ ಆಂಬುಲೆನ್ಸಿಗೆ ಫೋನು ಹಚ್ಚಿದಳು. ಅಶ್ವಿನಿ ಇದ್ದ ಸ್ಥಿತಿಯನ್ನೆಲ್ಲ ಕಮಲಳಿಗೆ ಬಿಡಿಸಿ ಹೇಳಿದಳು, ಹೆದರಿಸದೆ, ಮುಚ್ಚಿಡದೆ.

"ಹೋದ್ರ ನನ್ನ ಗಂಡನ ಕೊಯ್ತಾ?" ಎಂದಳು ಕಮಲ.

ನಾನು ಅಶ್ವಿನಿಯನ್ನು ಪಕ್ಕಕ್ಕೆ ಎಳೆದೆ. "ನಿಮ್ಮಪ್ಪಾರಿಗೆ ಒಂದು ಫೋನ್ ಮಾಡು. ಮುಕಾದಮ್ ಐದು ನಿಮಿಷದಾಗ ಒಪ್ಪತಾನ. ಜೀವದ ಪ್ರಶ್ನೆ ಬಂದಾಗ ವಿನಯ ಎಲ್ಲಿದು?" ಗಟ್ಟಿಯಾದ ಆಕ್ಷೇಪಣೆ ಅದು. ಇವತ್ತಿಗೂ ಗಟ್ಟಿಯೇ.

"ಅಪ್ಪ ಹೇಳಿದ್ರ ಇವತ್ತ ಹೊಕ್ಕಾಳ್ರಿ," ಎಂದಳು ಅಶ್ವಿನಿ. "ನಾಳೆ ಮುಂಜಾನೆ ಎದ್ದ ಓಡಿ ಬರತಾಳ, ಮತ್ತ ಹೊರಿ ಹೊರತಾಳ. ಇಕಿ ಅಲ್ಲೇ ಉಳೀಬೇಕ್ರಿ ಮೇಡಂ. ಉಳೀಬೇಕಂದ್ರ ಹೋಗತೇನಿ ಅಂತ ಇಕಿನ ಹೇಳಬೇಕು. ಆಂಬುಲೆನ್ಸ್ ಬರೂತನಕ ಟೈಮ್ ಐತಿ."

ಎಷ್ಟೋ ವೇದಿಕೆಗಳಲ್ಲಿ ಮಾತನಾಡಿದ್ದೇನೆ. ಸೋತು ಹೆಮ್ಮೆಪಟ್ಟದ್ದು ಅದೊಂದೇ ಸಲ.

ಕಮಲ ಅತ್ತೆಯ ಹತ್ತಿರ ಏನೋ ಮಾತಾಡಿದಳು. ಆಮೇಲೆ ಅಶ್ವಿನಿಯ ಮುಂದೆ ಬಂದು ನಿಂತಳು. "ಮುಕಾದಮ್‌ಗೆ ನಾ ಹೇಳತೇನಿ. ನೀ ನನ್ನ ಹಿಂದ ನಿಂದ್ರು. ಬಾಯಿ ತಗೀಬ್ಯಾಡ."

"ಆತು," ಎಂದಳು ಅಶ್ವಿನಿ.

ಗಾಡಿಗಳ ಸಾಲಿನ ತುದಿಯಲ್ಲಿ ಮುಕಾದಮ್ ನಿಂತಿದ್ದ. ಕಮಲ ಹೋಗಿ ಹೇಳಬೇಕಾದದ್ದನ್ನು ಹೇಳಿದಳು. ದವಾಖಾನೆಗೆ ಹೋಗುತ್ತೇನೆ, ಬಿಡುವವರೆಗೆ ಬರುವುದಿಲ್ಲ, ನನ್ನ ಬದಲು ಅತ್ತೆ ನಿಲ್ಲುತ್ತಾಳೆ. ಸುತ್ತಲಿನ ಗಾಡಿಯವರೆಲ್ಲ ಇತ್ತ ತಿರುಗಿದರು. ಮುಕಾದಮ್ ಅವಳ ಮುಖ ನೋಡಲಿಲ್ಲ. ಅವಳ ಹೆಗಲ ಮೇಲಿಂದ ಅಶ್ವಿನಿಯನ್ನು ನೋಡಿ ಟವೆಲ್ಲು ಸರಿಮಾಡಿಕೊಂಡ.

"ತಾಈ, ನೀವ ಹೇಳ್ರಿ. ಹೆಂಗ ಮಾಡೂಣು?"

ಒಂದು ಮಾತು ಸಾಕಿತ್ತು. ಅಶ್ವಿನಿಯ ತುಟಿ ಬಿಚ್ಚಿದ್ದನ್ನು ನಾನು ನೋಡಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ನನ್ನ ಕೇಳಬ್ಯಾಡ್ರಿ. ಆಕೀನ್ನ ಕೇಳ್ರಿ."

ಮುಕಾದಮ್‌ಗೆ ಬೇರೆ ಕಡೆ ನೋಡಲು ಯಾರೂ ಉಳಿದಿರಲಿಲ್ಲ. ಅವನು ಕತ್ತು ತಿರುಗಿಸಿ ಕಮಲಳನ್ನು ನೋಡಿದ.

"ಏನಂತಿ?"

"ಹೇಳೀನಲಾ," ಎಂದಳು ಕಮಲ. "ಹೊಂಟೇನಿ. ಆ ಎತ್ತ ಸರಸು, ನನ್ನ ಗಾಡಿ ಬರಾಕತ್ತೈತಿ."

ದೂರದಲ್ಲಿ ಆಂಬುಲೆನ್ಸಿನ ದೀಪ ಕಂಡಿತು. ಮುಕಾದಮ್ ಬಾಗಿ ಎತ್ತಿನ ಹಗ್ಗ ಹಿಡಿದ.